ಮದ್ದುಗುಂಡು, ಬೆನ್ನ ಹಿಂದಿನ ನೆಲ, ಕೊನೆಯ ಸಹಿ

ಅಂತಿಮ ಬಿ.ಎ.ಯಲ್ಲಿ ಯಾವ ದೇಶದ ಸ್ವಾತಂತ್ರ್ಯ ಹೋರಾಟದ ಪಾಠ ಬಂದರೂ ನಮ್ಮ ಇತಿಹಾಸದ ಮೇಷ್ಟ್ರು ನಾಯಕರ ಹೆಸರಿನಿಂದ ಶುರುಮಾಡುತ್ತಿರಲಿಲ್ಲ. ಮದ್ದುಗುಂಡು ಎಲ್ಲಿಂದ ಬಂತು, ಸೋತಾಗ ಹೋಗಿ ಉಳಿಯಲು ಜಾಗ ಎಲ್ಲಿತ್ತು, ಕೊನೆಯ ಕಾಗದಕ್ಕೆ ಯಾರು ಸಹಿ ಹಾಕಿದರು ಎಂದು ಕೇಳುತ್ತಿದ್ದರು. ಹೋರಾಡಿ ಗೆದ್ದರೋ, ಹೊರಗಿನವರ ನೆರವಿನಿಂದ ಪಡೆದರೋ ಎಂಬ ಹತ್ತು ಅಂಕದ ಪ್ರಶ್ನೆಗೆ ಈ ಮೂರರ ಉತ್ತರ ಗೊತ್ತಿಲ್ಲದೆ ಕೈಹಾಕಬೇಡಿ ಎನ್ನುವುದು ಅವರ ಪಟ್ಟು. ಸಂಚಿಕೆಗೆ ನೆನಪುಗಳನ್ನು ಬರೆದುಕೊಡಿ ಎಂದು ಸಂಪಾದಕರು ಕೇಳಿದಾಗ ಬರೆಯಬೇಕೆನಿಸಿದ್ದು ಆ ಪಾಠಗಳನ್ನೇ.

ಅಮೆರಿಕದ ಪಾಠವನ್ನು ಅವರು 1776ರ ಘೋಷಣೆಯಿಂದ ಆರಂಭಿಸದೆ ಅದೇ ವರ್ಷ ಪ್ಯಾರಿಸ್ಸಿನಲ್ಲಿ ತೆರೆದ ಒಂದು ಹುಸಿ ವ್ಯಾಪಾರಿ ಕಂಪನಿಯಿಂದ ಆರಂಭಿಸಿದ್ದರು. ನಾಟಕಕಾರ ಬೋಮಾರ್ಶೆ ನಡೆಸುತ್ತಿದ್ದ ಆ ಕಂಪನಿಗೆ ಫ್ರಾನ್ಸ್ 10 ಲಕ್ಷ ಲಿವ್ರ್ (ಅಂದಿನ ಫ್ರೆಂಚ್ ನಾಣ್ಯ) ಕೊಟ್ಟಿತು, ಸ್ಪೇನ್ ಅಷ್ಟೇ ಕೊಟ್ಟಿತು. ಬಂದೂಕು, ಫಿರಂಗಿ, ಬಟ್ಟೆ, ಮದ್ದಿನಪುಡಿ ಅಟ್ಲಾಂಟಿಕ್ ದಾಟಿದವು. ಯುದ್ಧದ ಮೊದಲ ವರ್ಷಗಳಲ್ಲಿ ವಸಾಹತುಗಳ ಪಡೆ ಸುಟ್ಟ ಮದ್ದಿನಲ್ಲಿ ಬಹುಪಾಲು ಹೊರಗಿನದೇ. ಆದರೂ ಫ್ರಾನ್ಸ್ ಬಹಿರಂಗವಾಗಿ ಕೈಜೋಡಿಸಿದ್ದು 1777ರ ಅಕ್ಟೋಬರಿನಲ್ಲಿ ಸರಟೋಗಾದಲ್ಲಿ ಬ್ರಿಟಿಷ್ ಸೇನೆಯೊಂದು ಶರಣಾದ ಮೇಲೆ. 1778ರ ಫೆಬ್ರುವರಿ 6ರಂದು ಒಪ್ಪಂದವಾಯಿತು. ಗೆಲ್ಲುವ ಲಕ್ಷಣ ಕಾಣದ ಕುದುರೆಗೆ ಯಾರೂ ಹಣ ಕಟ್ಟುವುದಿಲ್ಲ. ನೆರವು ಕೇಳುವವರು ಮೊದಲು ತಾವೇ ಒಂದು ಗೆಲುವು ತೋರಿಸಬೇಕು.

1781ರ ಯಾರ್ಕ್‌ಟೌನ್ ಮುತ್ತಿಗೆಗೆ ಒಂದು ಇಡೀ ತರಗತಿ ಹೋಯಿತು. ಬ್ರಿಟಿಷ್ ಸೇನಾಪತಿ ಕಾರ್ನ್‌ವಾಲಿಸ್ ಸಮುದ್ರದ ದಂಡೆಯಲ್ಲಿ ಬೀಡುಬಿಟ್ಟದ್ದು ಹಡಗುಗಳು ಬಂದು ಕಾಪಾಡುತ್ತವೆ ಎಂಬ ನಂಬಿಕೆಯಿಂದ. ಸೆಪ್ಟೆಂಬರ್ 5ರಂದು ಚೆಸಪೀಕ್ ಕೊಲ್ಲಿಯ ಬಾಯಲ್ಲಿ ನೌಕಾಪತಿ ದ ಗ್ರಾಸ್‌ನ 24 ಫ್ರೆಂಚ್ ಹಡಗುಗಳು 19 ಬ್ರಿಟಿಷ್ ಹಡಗುಗಳನ್ನು ತಡೆದು ಹಿಂದಕ್ಕಟ್ಟಿದವು. ಸಮರನೌಕೆಗಳ ಆ ಕಾದಾಟದಲ್ಲಿ ಅಮೆರಿಕದ ಹಡಗು ಒಂದೂ ಇರಲಿಲ್ಲ, ಆದರೆ ಅಮೆರಿಕದ ಭವಿಷ್ಯ ತೀರ್ಮಾನವಾದದ್ದು ಅಲ್ಲಿಯೇ. ಆ ಮೇಲಿನದು ಲೆಕ್ಕಾಚಾರದ ಕೆಲಸ. ಅಕ್ಟೋಬರ್ 6ರ ರಾತ್ರಿ ಕೋಟೆಗೆ ಸಮಾನಾಂತರವಾಗಿ ಮೊದಲ ಕಂದಕ ತೋಡಿದರು, ಅದರ ಹಿಂದೆ ಫಿರಂಗಿ ಕೂರಿಸಿದರು, ಅಲ್ಲಿಂದ ಮುಂದಕ್ಕೆ ಎರಡನೆಯ ಕಂದಕ. ಅದಕ್ಕೆ ಅಡ್ಡಿಯಾಗಿದ್ದ ಎರಡು ಮಣ್ಣಿನ ಬುರುಜುಗಳಲ್ಲಿ ಒಂದನ್ನು ಫ್ರೆಂಚರು, ಇನ್ನೊಂದನ್ನು ಅಮೆರಿಕನ್ನರು 14ರ ರಾತ್ರಿ ಹಿಡಿದರು. 19ರಂದು 7,000ಕ್ಕೂ ಹೆಚ್ಚು ಸೈನಿಕರು ಶರಣಾದರು. ದಕ್ಷಿಣಕ್ಕೆ ಹೊರಟಾಗ ಸಂಬಳವಿಲ್ಲದೆ ಗೊಣಗುತ್ತಿದ್ದ ವಾಷಿಂಗ್ಟನ್ನನ ಸೈನಿಕರಿಗೆ ಹಂಚಿದ ಬೆಳ್ಳಿ ನಾಣ್ಯವೂ ಫ್ರೆಂಚ್ ಖಜಾನೆಯಿಂದ ಬಂದ ಸಾಲವೇ. ಈ ಯುದ್ಧಕ್ಕೆ ಫ್ರಾನ್ಸ್ ಸುರಿದದ್ದು 100 ಕೋಟಿ ಲಿವ್ರ್‌ಗೂ ಹೆಚ್ಚು. ಆ ಸಾಲದ ಬಡ್ಡಿ ಅಲ್ಲಿನ ಅರಸೊತ್ತಿಗೆಯನ್ನು 1789ರ ಕ್ರಾಂತಿಗೆ ತಂದು ನಿಲ್ಲಿಸಿದ್ದು ಬೇರೆ ಪಾಠ.

ಯಾರ ಹಂಗೂ ಇಲ್ಲದೆ ಗೆದ್ದವರ ಕತೆಗೆ ಫ್ರಾನ್ಸಿನ ವಸಾಹತಾಗಿದ್ದ ಕೆರಿಬಿಯನ್ನಿನ ಹೈಟಿ. ಗುಲಾಮರ ಸೇನೆ 1803ರ ನವೆಂಬರ್ 18ರಂದು ವೆರ್ಟಿಯೇರ್‌ನಲ್ಲಿ ನೆಪೋಲಿಯನ್ನನ ಪಡೆಯನ್ನು ಸೋಲಿಸಿತು, 1804ರ ಜನವರಿ 1ರಂದು ದೇಶವಾಯಿತು. ಆದರೆ ಮನ್ನಣೆ ಕೊಡುವವರಿಲ್ಲ. 1825ರಲ್ಲಿ ಫ್ರಾನ್ಸ್ ಯುದ್ಧನೌಕೆಗಳನ್ನು ಬಂದರಿನ ಮುಂದೆ ನಿಲ್ಲಿಸಿ, 15 ಕೋಟಿ ಫ್ರಾಂಕ್ ಕೊಟ್ಟರೆ ಒಪ್ಪಿಕೊಳ್ಳುತ್ತೇವೆ ಎಂದಿತು. ಅದು ಕಳೆದುಹೋದ ತೋಟಗಳಿಗೂ, ತೋಟದ ‘ಆಸ್ತಿ’ಯಾಗಿದ್ದ ಮನುಷ್ಯರಿಗೂ ಪರಿಹಾರ! ಮೊದಲ ಕಂತು ಕಟ್ಟಲು ಪ್ಯಾರಿಸ್ಸಿನ ಬ್ಯಾಂಕುಗಳಿಂದಲೇ ಸಾಲ ಎತ್ತಬೇಕಾಯಿತು. 1838ರಲ್ಲಿ ಮೊತ್ತವನ್ನು 9 ಕೋಟಿಗೆ ಇಳಿಸಿದರು, ನಿಜ. ಆದರೆ ಅದಕ್ಕಾಗಿ ಮಾಡಿದ ಸಾಲಗಳ ಬಾಲ ಪೂರ್ತಿ ತೀರಿದ್ದು 1947ರಲ್ಲಿ. ಅಮೆರಿಕದ ಮನ್ನಣೆ 1862ರವರೆಗೆ ಸಿಗಲಿಲ್ಲ. ರಣರಂಗದಲ್ಲಿ ಗೆದ್ದು ಕಾಗದದಲ್ಲಿ ಸೋಲುವುದೆಂದರೆ ಇದು. ಇಂಡೋನೇಷ್ಯಾ ಕೂಡ 1949ರಲ್ಲಿ ಅಧಿಕಾರ ಪಡೆಯುವಾಗ ಡಚ್ಚರ ವಸಾಹತು ಸರ್ಕಾರದ 430 ಕೋಟಿ ಗಿಲ್ಡರ್ ಸಾಲವನ್ನು ತಲೆಮೇಲೆ ಹೊತ್ತುಕೊಂಡಿತು. ಆ ಸಾಲದಲ್ಲಿ ಇಂಡೋನೇಷ್ಯನ್ನರನ್ನು ಹೊಡೆಯಲು ಮಾಡಿದ ಖರ್ಚೂ ಸೇರಿತ್ತು.

ಬೆನ್ನ ಹಿಂದಿನ ನೆಲ ಏಕೆ ಬೇಕು ಎಂಬುದಕ್ಕೆ ಫ್ರೆಂಚರ ಆಳ್ವಿಕೆಯಲ್ಲಿದ್ದ ಅಲ್ಜೀರಿಯಾ ಉದಾಹರಣೆ. 1954ರ ನವೆಂಬರ್ 1ರಂದು ದಂಗೆ ಎದ್ದವರಿಗೆ ಪೂರ್ವದಲ್ಲಿ ಟ್ಯುನೀಷಿಯಾ, ಪಶ್ಚಿಮದಲ್ಲಿ ಮೊರಾಕೊ. 1956ರಲ್ಲಿ ಇವೆರಡೂ ಸ್ವತಂತ್ರವಾದ ಮೇಲೆ ತರಬೇತಿ, ಆಸ್ಪತ್ರೆ, ಉಗ್ರಾಣ ಎಲ್ಲ ಗಡಿಯಾಚೆ. ಫ್ರೆಂಚರು 1957ರಲ್ಲಿ ಟ್ಯುನೀಷಿಯಾ ಗಡಿಯುದ್ದಕ್ಕೂ ಸುಮಾರು 5,000 ವೋಲ್ಟ್ ವಿದ್ಯುತ್ ಹರಿಯುವ ಬೇಲಿ ಹಾಕಿ, ಎರಡೂ ಬದಿ ನೆಲಬಾಂಬು ಹೂತರು. ತಂತಿ ತುಂಡಾದ ಜಾಗ ಕೂಡಲೇ ಗೊತ್ತಾಗುತ್ತಿತ್ತು, ಫಿರಂಗಿ ಅಲ್ಲಿಗೇ ತಿರುಗುತ್ತಿತ್ತು. ಒಳಗಿನ ತಂಡಗಳಿಗೆ ಆಯುಧ ನಿಂತಿತು. 1959ರ ಹೊತ್ತಿಗೆ ಗುಡ್ಡಗಳಲ್ಲಿದ್ದ ಪಡೆ ಚೂರುಚೂರು. ಸೈನಿಕ ಲೆಕ್ಕದಲ್ಲಿ ಫ್ರಾನ್ಸೇ ಗೆದ್ದಿತ್ತು. ಆದರೆ 1958ರಲ್ಲೇ ಕೈರೋದಲ್ಲಿ ತಾತ್ಕಾಲಿಕ ಸರ್ಕಾರ ಸ್ಥಾಪನೆಯಾಗಿತ್ತು, ಅರಬ್ ದೇಶಗಳೂ ಚೀನಾವೂ ಅದನ್ನು ಒಪ್ಪಿಕೊಂಡಿದ್ದವು, ಗಡಿಯಾಚೆಯ ಸೇನೆ ಮುಕ್ಕಾಗದೆ ಕುಳಿತಿತ್ತು. ಬೇಲಿ ಕಾಯಲು ಲಕ್ಷಗಟ್ಟಲೆ ಸೈನಿಕರನ್ನು ವರ್ಷಾನುಗಟ್ಟಲೆ ಸಾಕುವುದು ಫ್ರಾನ್ಸಿಗೇ ಭಾರವಾಯಿತು. 1962ರ ಮಾರ್ಚ್ 18ರಂದು ಎವಿಯಾನ್‌ನಲ್ಲಿ ಸಹಿ, ಜುಲೈನಲ್ಲಿ ಸ್ವಾತಂತ್ರ್ಯ. ಆ ಬಳಿಕ ಅಧಿಕಾರ ಹಿಡಿದವರು ಮಾತ್ರ ಗುಡ್ಡದಲ್ಲಿ ಹೋರಾಡಿದವರಲ್ಲ, ಗಡಿಯಾಚೆಯ ಸೇನೆಯನ್ನು ಕೈಯಲ್ಲಿಟ್ಟುಕೊಂಡವರು. ಆಶ್ರಯ ಕೊಡುವ ನೆಲ ಹೋರಾಟವನ್ನು ಉಳಿಸುವಷ್ಟೇ ಅದರ ವಾರಸುದಾರರನ್ನೂ ಆರಿಸಿಬಿಡುತ್ತದೆ.

ಬಾಂಗ್ಲಾದೇಶದ ವಿಷಯ ಬಂದರೆ ತರಗತಿಯಲ್ಲಿ ವಾದ ಏಳುತ್ತಿತ್ತು. ಭಾರತ ಗೆದ್ದುಕೊಟ್ಟಿತು ಎಂದು ಅರ್ಧ ಬೆಂಚು, ಬಂಗಾಳಿ ಹೋರಾಟಗಾರರ ಪಡೆಯಾದ ಮುಕ್ತಿವಾಹಿನಿ ಗೆದ್ದಿತು ಎಂದು ಇನ್ನರ್ಧ. ನಾನು ಇವತ್ತಿಗೂ ಎರಡನ್ನೂ ಪೂರ್ತಿ ಒಪ್ಪುವುದಿಲ್ಲ. 1971ರ ಏಪ್ರಿಲ್ 17ರಂದು ಮುಜೀಬ್‌ನಗರದಲ್ಲಿ ಸರ್ಕಾರ ಪ್ರಮಾಣವಚನ ತೆಗೆದುಕೊಂಡಿತು. ದೇಶವನ್ನು 11 ಸೆಕ್ಟರುಗಳಾಗಿ ಹಂಚಿದರು. ಹತ್ತನೆಯದಕ್ಕೆ ನೆಲದ ಗಡಿಯಿಲ್ಲ, ಅದು ನೌಕಾ ಕಮಾಂಡೋಗಳದು. ಫ್ರಾನ್ಸಿನಲ್ಲಿದ್ದ ಪಾಕಿಸ್ತಾನದ ಜಲಾಂತರ್ಗಾಮಿಯಿಂದ ತಪ್ಪಿಸಿಕೊಂಡು ಭಾರತ ತಲುಪಿದ 8 ಬಂಗಾಳಿ ನಾವಿಕರು ಅದರ ಬೀಜ. ಪ್ಲಾಸಿಯಲ್ಲಿ ಭಾಗೀರಥಿಯ ನೀರಿನಲ್ಲಿ ಭಾರತೀಯ ನೌಕಾಪಡೆ ಹುಡುಗರಿಗೆ ತರಬೇತಿ ಕೊಟ್ಟಿತು. ಅಯಸ್ಕಾಂತವಿರುವ ಬಾಂಬನ್ನು ಎದೆಗೆ ಕಟ್ಟಿಕೊಂಡು, ಹೊಳೆಯ ಸೆಳವು ನೋಡಿಕೊಂಡು ಈಜಬೇಕು. ಹಡಗಿನ ತಳಕ್ಕೆ ಹತ್ತಿದ ಪಾಚಿಯನ್ನು ಚಾಕುವಿನಿಂದ ಕೆರೆಯದಿದ್ದರೆ ಬಾಂಬು ಕಚ್ಚಿಕೊಳ್ಳುವುದಿಲ್ಲ. ಹೊರಡಿ ಎಂಬ ಸೂಚನೆ ಬಂದದ್ದು ಕಲ್ಕತ್ತಾ ಆಕಾಶವಾಣಿಯಲ್ಲಿ ಮೊದಲೇ ಗೊತ್ತುಮಾಡಿದ್ದ ಎರಡು ಹಾಡುಗಳ ಮೂಲಕ. ಮೊದಲನೆಯದಕ್ಕೆ ಸಿದ್ಧತೆ, ಎರಡನೆಯದಕ್ಕೆ ದಾಳಿ. ಆಗಸ್ಟ್ 15ರ ನಡುರಾತ್ರಿಯ ಹೊತ್ತಿಗೆ ಚಿತ್ತಗಾಂಗ್, ಮೊಂಗ್ಲಾ, ಚಾಂದಪುರ, ನಾರಾಯಣಗಂಜ್ ನಾಲ್ಕೂ ಕಡೆ ಹಡಗುಗಳು ಸಿಡಿದವು.

ಭಾರತ ಏಪ್ರಿಲ್ಲಿನಲ್ಲೇ ಏಕೆ ನುಗ್ಗಲಿಲ್ಲ? ಮುಂಗಾರಿನಲ್ಲಿ ಅಲ್ಲಿನ ನದಿಗಳು ಕಡಲಾಗುತ್ತವೆ, ಟ್ಯಾಂಕು ಹೂತುಹೋಗುತ್ತದೆ. ಹಿಮಾಲಯದ ಕಣಿವೆಗಳಲ್ಲಿ ಹಿಮ ಬಿದ್ದರೆ ಚೀನಾದ ಕಡೆಯ ಆತಂಕ ಕಡಿಮೆ. ಆಗಸ್ಟ್ 9ರಂದು ಸೋವಿಯತ್ ಒಕ್ಕೂಟದ ಜೊತೆ ಒಪ್ಪಂದವಾಯಿತು. ಡಿಸೆಂಬರಿನಲ್ಲಿ ಭದ್ರತಾ ಮಂಡಳಿಯಲ್ಲಿ ಕದನವಿರಾಮದ ನಿರ್ಣಯ ಬಂದಾಗಲೆಲ್ಲ ಅದರ ವೀಟೊ. ಆ ವೀಟೊ ಇಲ್ಲದಿದ್ದರೆ ಢಾಕಾ ತಲುಪುವ ಮೊದಲೇ ಗಡಿಯಾರ ನಿಲ್ಲುತ್ತಿತ್ತು. ಡಿಸೆಂಬರ್ 6ರಂದು ಭಾರತ ಮನ್ನಣೆ ನೀಡಿತು, 16ರಂದು ಪಾಕಿಸ್ತಾನದ ಸೇನೆಯ ಶರಣಾಗತಿ, ಸುಮಾರು 93,000 ಸೆರೆಯಾಳುಗಳು. ಮೇಷ್ಟ್ರು ಇದೆಲ್ಲಕ್ಕಿಂತ ಮಹತ್ವದ್ದೆಂದು ಗೆರೆ ಎಳೆಸುತ್ತಿದ್ದದ್ದು 1972ರ ಮಾರ್ಚ್ ತಿಂಗಳಿಗೆ. ಆಗ ಭಾರತದ ಸೇನೆ ಹೊರಟುಹೋಯಿತು. ನೆರವಿಗೆ ಬಂದ ಸೇನೆ ಉಳಿದುಬಿಟ್ಟರೆ ಹೊಸ ಸರ್ಕಾರವನ್ನು ಕೈಗೊಂಬೆ ಎನ್ನಲು ಜಗತ್ತಿಗೆ ಕಾರಣ ಸಿಗುತ್ತದೆ. ಹೋದ ಮೇಲೂ ವಿಶ್ವಸಂಸ್ಥೆಯ ಬಾಗಿಲು ಕೂಡಲೇ ತೆರೆಯಲಿಲ್ಲ. ಸದಸ್ಯತ್ವಕ್ಕೆ ಭದ್ರತಾ ಮಂಡಳಿಯ 15ರಲ್ಲಿ 9 ಮತ ಬೇಕು, ಐದು ಕಾಯಂ ಸದಸ್ಯರಲ್ಲಿ ಯಾರೂ ವೀಟೊ ಹಾಕಬಾರದು, ಆಮೇಲೆ ಮಹಾಸಭೆಯ ಮೂರನೇ ಎರಡರಷ್ಟು ಬೆಂಬಲ ಬೇಕು. 1972ರಲ್ಲಿ ಚೀನಾ ವೀಟೊ ಹಾಕಿತು. ಒಳಗೆ ಹೋದದ್ದು 1974ರ ಸೆಪ್ಟೆಂಬರ್ 17ರಂದು.

ಸೋತವರ ಪಾಠ ಪಠ್ಯದಲ್ಲಿರಲಿಲ್ಲ, ಆದರೂ ಬಯಾಫ್ರಾ ಬಗ್ಗೆ ಹೇಳಿದ್ದರು. 1967ರಲ್ಲಿ ನೈಜೀರಿಯಾದಿಂದ ಬೇರ್ಪಟ್ಟ ಆ ನಾಡಿಗೆ ಜನ, ಸರ್ಕಾರ, ಎಣ್ಣೆ ಎಲ್ಲ ಇತ್ತು. ಮನ್ನಣೆ ಕೊಟ್ಟದ್ದು ಟಾಂಜಾನಿಯಾ, ಗಬೋನ್, ಐವರಿ ಕೋಸ್ಟ್, ಜಾಂಬಿಯಾ, ಹೈಟಿ ಐದೇ ದೇಶ. ನೈಜೀರಿಯಾ 1968ರ ಆರಂಭದಲ್ಲಿ ನೋಟು ಬದಲಿಸಿತು, ಬಯಾಫ್ರಾದ ಪೆಟ್ಟಿಗೆಯಲ್ಲಿದ್ದ ಹಳೆಯ ನೋಟು ಬರೀ ಕಾಗದವಾಯಿತು. ಅದೇ ವರ್ಷ ಮೇ ತಿಂಗಳಲ್ಲಿ ಪೋರ್ಟ್ ಹಾರ್ಕೋರ್ಟ್ ಹೋದ ಮೇಲೆ ಸಮುದ್ರದ ದಾರಿಯೂ ಮುಚ್ಚಿತು. ಉಳಿದದ್ದು ಉಲಿ ಎಂಬಲ್ಲಿ ಡಾಂಬರು ರಸ್ತೆಯನ್ನೇ ರನ್‌ವೇ ಮಾಡಿಕೊಂಡ ಜಾಗ, ಅದೂ ರಾತ್ರಿ ಹೊತ್ತು ಮಾತ್ರ. ನೈಜೀರಿಯಾಕ್ಕೆ ಬ್ರಿಟನ್ನೂ ಸೋವಿಯತ್ ಒಕ್ಕೂಟವೂ ಆಯುಧ ಕೊಟ್ಟವು. ಬಯಾಫ್ರಾಕ್ಕೆ ಫ್ರಾನ್ಸಿನಿಂದ ಗುಟ್ಟಾಗಿ ಬಂದದ್ದು ಸಾಯದಿರಲು ಸಾಕು, ಗೆಲ್ಲಲು ಸಾಲದು. ಇಂಥ ಅರೆಮನಸ್ಸಿನ ನೆರವಿಗಿಂತ ನಿರ್ದಯವಾದದ್ದು ಇನ್ನೊಂದಿಲ್ಲ ಅನಿಸುತ್ತದೆ. 1970ರ ಜನವರಿಯಲ್ಲಿ ಶರಣಾಗತಿ. ಅಷ್ಟರಲ್ಲಿ ಹಸಿವು ಗುಂಡಿಗಿಂತ ಹೆಚ್ಚು ಜನರನ್ನು ಕೊಂದಿತ್ತು.

ನಾವು ಕಾಲೇಜು ಬಿಟ್ಟು ಬಹಳ ಕಾಲವಾದ ಮೇಲೆ, 2011ರ ಜುಲೈ 9ರಂದು ಸುಡಾನಿನಿಂದ ಬೇರ್ಪಟ್ಟು ದಕ್ಷಿಣ ಸುಡಾನ್ ಹುಟ್ಟಿತು. ಹೊರಗಿನ ದೇಶಗಳು ಮಧ್ಯೆ ಕುಳಿತು ಮಾಡಿಸಿದ 2005ರ ಒಪ್ಪಂದ, ಜನಮತ ಸಂಗ್ರಹದಲ್ಲಿ ಬೇರ್ಪಡುವುದಕ್ಕೆ 98.83 ಶೇಕಡಾ ಮತ, ಐದೇ ದಿನದಲ್ಲಿ ವಿಶ್ವಸಂಸ್ಥೆಯ ಸದಸ್ಯತ್ವ. ಕಾಗದದಲ್ಲಿ ಕೊರತೆಯಿಲ್ಲ. ಎಣ್ಣೆ ಬಾವಿಗಳಲ್ಲಿ ಬಹುಪಾಲು ದಕ್ಷಿಣದ ಪಾಲಿಗೆ ಬಂದವು, ಬಂದರಿಗೆ ಒಯ್ಯುವ ಕೊಳವೆ ಮಾತ್ರ ಉತ್ತರದ ನೆಲದಲ್ಲೇ ಉಳಿಯಿತು. ಸಾಗಣೆ ಶುಲ್ಕದ ಜಗಳದಲ್ಲಿ 2012ರ ಜನವರಿಯಲ್ಲಿ ದಕ್ಷಿಣವೇ ಬಾವಿ ಮುಚ್ಚಿತು. ಸರ್ಕಾರದ ಆದಾಯ ಹೆಚ್ಚುಕಡಿಮೆ ಪೂರ್ತಿ ಅದರಿಂದಲೇ ಬರುತ್ತಿತ್ತು. ಎಣ್ಣೆ ಮತ್ತೆ ಹರಿದದ್ದು 2013ರಲ್ಲಿ. ಅದೇ ಡಿಸೆಂಬರಿನಲ್ಲಿ ಒಳಯುದ್ಧ ಹತ್ತಿಕೊಂಡಿತು.