ಬಾಡಿಗೆ ಮನೆಗೂ ಬೆಂಕಿಗೂ ಏನು ಸಂಬಂಧ?

ಚಿಂತಾಮಣಿ ತಾಲ್ಲೂಕಿನ ಕಂಬಾಲಪಲ್ಲಿಯಲ್ಲಿ 2000ದ ಮಾರ್ಚ್ 11ರಂದು ಏಳು ಜನ ದಲಿತರನ್ನು ಸುಟ್ಟು ಕೊಂದರು. ಆಗ ಅದು ಕೋಲಾರ ಜಿಲ್ಲೆ, ಈಗ ಚಿಕ್ಕಬಳ್ಳಾಪುರ. ಸಾಕ್ಷಿಗಳು ಉಲ್ಟಾ ಹೊಡೆದರು, 2006ರಲ್ಲಿ ಆರೋಪಿಗಳು ಖುಲಾಸೆಯಾದರು, 2014ರಲ್ಲಿ ಹೈಕೋರ್ಟ್ ಕೂಡ ಅದನ್ನೇ ಎತ್ತಿಹಿಡಿಯಿತು. ಹಳ್ಳಿಯಲ್ಲಿ ಯಾರ ವಿರುದ್ಧ ಸಾಕ್ಷಿ ಹೇಳಬೇಕೋ ಅವರ ಹೊಲಕ್ಕೇ ನಾಳೆ ಕೂಲಿಗೆ ಹೋಗಬೇಕು ಅಂದರೆ ಯಾರು ಬಾಯಿ ಬಿಡುತ್ತಾರೆ ಹೇಳಿ?

ಇದನ್ನು ಯೋಚಿಸುವಾಗೆಲ್ಲ ನನಗೆ ಚಿಕಾಗೊ ನೆನಪಾಗುತ್ತದೆ. 1919ರ ಜುಲೈ 27ರಂದು ಮಿಷಿಗನ್ ಸರೋವರದಲ್ಲಿ ಆಡುತ್ತಿದ್ದ 17 ವರ್ಷದ ಕಪ್ಪು ಹುಡುಗನೊಬ್ಬ ತೇಲಿಕೊಂಡು ಬಿಳಿಯರ ಕಡೆಗೆ ಹೋದ. ನೀರಿಗೂ ಗಡಿ ನೋಡಿ! ಕಲ್ಲು ಎಸೆದರು, ಹುಡುಗ ಮುಳುಗಿ ಸತ್ತ. ಆಮೇಲಿನ ಗಲಭೆಯಲ್ಲಿ 38 ಜನ ಸತ್ತರು. ಗಲಭೆ ನಿಂತಿತು, ಆದರೆ ಕ್ರಯಪತ್ರದಲ್ಲೇ ‘ಕಪ್ಪು ಜನರಿಗೆ ಮಾರಬಾರದು’ ಅಂತ ಷರತ್ತು ಬರೆಸುವುದು ಜಾಸ್ತಿಯಾಯಿತು. 1930ರ ದಶಕದಲ್ಲಿ ಸರ್ಕಾರಿ ಸಂಸ್ಥೆಯೇ ನಕ್ಷೆ ಬರೆದು ಅವರ ಬಡಾವಣೆಗಳಿಗೆ ಕೆಂಪು ಬಣ್ಣ ಬಳಿಯಿತು. ಅಂಥ ಕಡೆ ಮನೆ ಸಾಲ ಸಿಗುವುದೇ ಕಷ್ಟ. 1968ರಲ್ಲಿ ಇದೆಲ್ಲ ಕಾನೂನುಬಾಹಿರವಾಯಿತು, ಆದರೂ ಆ ಊರಿನ ಸೌತ್ ಸೈಡ್‌ನಲ್ಲಿ ಇವತ್ತಿಗೂ ಜಾಸ್ತಿ ಕಪ್ಪು ಜನರೇ.

ನಮ್ಮಲ್ಲಿ ಷರತ್ತು ಬರೆಸುವ ಖರ್ಚೂ ಇಲ್ಲ. ಚಿಂತಾಮಣಿಯಲ್ಲಿ ಬಾಡಿಗೆ ಮನೆ ಕೇಳಿ ನೋಡಿ. ಅಡ್ವಾನ್ಸ್ ಮಾತು ಬರುವ ಮೊದಲೇ ಬ್ರೋಕರ್, ‘ನೀವು ಯಾವ ಜನ ಸಾರ್? ನನಗೇನಿಲ್ಲ, ಓನರ್ ಕೇಳ್ತಾರೆ’ ಅನ್ನುತ್ತಾನೆ. ಹೇಳಿದ ಮೇಲೆ ‘ಮನೆ ನಿನ್ನೇನೇ ಆಗೋಯ್ತು’. ಬೆಂಕಿ ಹಚ್ಚಿದವರನ್ನು ಬೈಯುವುದು ಸುಲಭ, ಈ ಓನರ್ ಮಾತ್ರ ನಮ್ಮ ಮಾವನೋ ಚಿಕ್ಕಪ್ಪನೋ ಆಗಿರುತ್ತಾನೆ, ಅಲ್ವಾ?

ಸರ್ಕಾರವೂ ಕಮ್ಮಿಯಿಲ್ಲ. ಹಳ್ಳಿಯಲ್ಲಿ ಬಡವರಿಗೆ ಮನೆ ಕೊಡುವಾಗ ದಲಿತರದನ್ನು ಹಳೇ ಕೇರಿ ಪಕ್ಕದಲ್ಲೇ ಕಟ್ಟಿಸಿ, ಎಸ್‌ಸಿ ಕಾಲೋನಿ ಅಂತ ಬೋರ್ಡು ಹಾಕಿ, ಸಿಸಿ ರಸ್ತೆ ಮಾಡಿಸಿದರೆ ಅದೇ ಅಭಿವೃದ್ಧಿ. ಮನೆ ಬೇಡ ಅನ್ನುತ್ತಿಲ್ಲ. ಹೊಸ ಲೇಔಟ್ ಮಾಡುವಾಗಲಾದರೂ ಎಲ್ಲ ಜಾತಿಯ ಫಲಾನುಭವಿಗಳ ಹೆಸರನ್ನು ಒಂದೇ ಡಬ್ಬಿಗೆ ಹಾಕಿ, ಚೀಟಿ ಎತ್ತಿ ಸೈಟ್ ಕೊಡಲಿ. ‘ಗಲಾಟೆ ಆಗುತ್ತೆ’ ಅನ್ನುತ್ತಾರೆ ಮುಖಂಡರು. ಗಲಾಟೆ ಮಾಡುವವರು ಯಾರು ಅಂತ ಪಂಚಾಯಿತಿ ಸಭೆಯಲ್ಲೇ ಎದ್ದು ನಿಂತು ಹೇಳಲಿ.