50 ಪೌಂಡಿನ ಕಾಂಪೌಂಡ್ ಬಿಲ್ಲು 44ಕ್ಕೆ: ಹೊಂದಿಕೆಯ ದಾಖಲೆ, ವಿಜಯಪುರ

ಬಿಲ್ಲು: 40–50 ಪೌಂಡಿನ ಲಿಂಬ್ (ಬಾಗುವ ತೋಳು), ಆಕ್ಸಲ್‌ನಿಂದ ಆಕ್ಸಲ್‌ಗೆ 33 ಇಂಚು, ಮೇಲೂ ಕೆಳಗೂ ಕ್ಯಾಮ್ (ಆಕ್ಸಲ್ ಮೇಲೆ ತಿರುಗುವ ಗಾಲಿ), ಲೆಟ್-ಆಫ್ (ಪೂರ್ತಿ ಎಳೆದಾಗ ಕೈಗೆ ಕಡಿಮೆಯಾಗುವ ಭಾರ) 80%.
ಬಾಣ: ಕಾರ್ಬನ್, 28 ಇಂಚು, ಸ್ಪೈನ್ (ಬಾಗುವಿಕೆಯ ಅಳತೆ) 500, ಮೊನೆ 100 ಗ್ರೇನ್.
ಬಳಸುವವರು: ಹೊಸಬರು, ಬೆನ್ನಿನ ಸ್ನಾಯು ಇನ್ನೂ ಪಳಗಬೇಕು.
ಗುರಿ: 30 ಮೀಟರ್, ಮುಂದೆ 50.

ಡಿಸೆಂಬರ್: ಎಷ್ಟು ತೂಕ ಬೇಕು

ಬಿಲ್ಲು ಭಾರವಾದಷ್ಟೂ, ಅಂದರೆ ಎಳೆಯಲು ಹೆಚ್ಚು ಬಲ ಬೇಡಿದಷ್ಟೂ, ಒಳ್ಳೆಯದು ಎಂಬ ಮಾತು ಮೈದಾನಕ್ಕೆ ಕಾಲಿಟ್ಟ ದಿನವೇ ಕಿವಿಗೆ ಬೀಳುತ್ತದೆ. ವಿಶ್ವ ಬಿಲ್ಲುಗಾರಿಕೆ ಸಂಸ್ಥೆಯ ನಿಯಮದಲ್ಲೇ ಕಾಂಪೌಂಡ್‌ಗೆ 60 ಪೌಂಡಿನ ಮಿತಿ ಇದೆ. ಸ್ಪರ್ಧೆಯ ದೂರ 50 ಮೀಟರ್, ಗುರಿಫಲಕ 80 ಸೆಂ.ಮೀ. 2023ರ ಬರ್ಲಿನ್ ವಿಶ್ವ ಚಾಂಪಿಯನ್‌ಷಿಪ್ ಫೈನಲ್‌ನಲ್ಲಿ ನಮ್ಮ ನೆರೆಯ ಸಾತಾರಾದ ಅದಿತಿ ಸ್ವಾಮಿ 15 ಬಾಣಗಳಲ್ಲಿ 150ಕ್ಕೆ 149 ಅಂಕ ಗಳಿಸಿದರು. ಅಂಥ ಅಂಕ ಬರುವುದು ಹದಿನೈದನೆಯ ಬಾಣವೂ ಮೊದಲ ಬಾಣದ ಹಾಗೆಯೇ ಹೋದಾಗ. ತೂಕ ಆರಿಸುವಾಗ ಕೇಳಬೇಕಾದ್ದು ಅದೇ: ಅಭ್ಯಾಸದ ಕೊನೆಯಲ್ಲಿ, ಕೈ ದಣಿದ ಮೇಲೂ, ಈ ಬಿಲ್ಲನ್ನು ನೇರ ಎಳೆಯಲು ಆಗುತ್ತದೆಯೇ?

ಪರೀಕ್ಷೆ ಸುಲಭ. ಕುರ್ಚಿಯಲ್ಲಿ ಕೂತು ಎರಡೂ ಪಾದ ನೆಲದಿಂದ ಎತ್ತಿ, ಬಾಣ ಹೂಡಿ, ಗುರಿಯತ್ತಲೇ ಮುಖ ಮಾಡಿ ನಿಧಾನಕ್ಕೆ ಎಳೆಯಬೇಕು. ಎಳೆಯುವಾಗ ಬಿಲ್ಲು ಆಕಾಶದ ಕಡೆ ಏಳಬಾರದು, ಸೊಂಟ ಹಿಂದಕ್ಕೆ ಬಾಗಬಾರದು, ಭುಜ ಕಿವಿಯ ಹತ್ತಿರ ಬರಬಾರದು. ಅಭ್ಯಾಸ ಮುಗಿದ ಮೇಲೆ ಇದನ್ನೇ ಮತ್ತೊಮ್ಮೆ ಮಾಡಿಸಬೇಕು. ಮೊದಲ ಸಲ ಸಲೀಸಾಗಿ ಎಳೆದು ಎರಡನೆಯ ಸಲ ಬಿಲ್ಲು ಮೇಲೆದ್ದರೆ ತೂಕ ಹೆಚ್ಚಾಯಿತೆಂದೇ ಅರ್ಥ. ಈ ಬಿಲ್ಲು ಪೂರ್ತಿ ಬಿಗಿಯಲ್ಲಿ ಎರಡನೆಯ ಪರೀಕ್ಷೆಯಲ್ಲಿ ಸೋತಿತು.

ಇಲ್ಲಿ ಲೆಟ್-ಆಫ್ ಕಣ್ಣು ಕಟ್ಟುತ್ತದೆ. ಕ್ಯಾಮ್ ತಿರುಗಿದ ಮೇಲೆ 50 ಪೌಂಡಿನ ಬಿಲ್ಲು ಕೈಯಲ್ಲಿ 10 ಪೌಂಡು, ಅಂದರೆ ನಾಲ್ಕೂವರೆ ಕೆ.ಜಿ. ಮಾತ್ರ ನಿಲ್ಲುತ್ತದೆ, ಹಿಡಿದವರಿಗೆ ಹಗುರ ಎನಿಸುತ್ತದೆ. ಭುಜಕ್ಕೆ ಏಟು ಬೀಳುವುದು ಅಲ್ಲಲ್ಲ, ಅದಕ್ಕೂ ಮುಂಚೆ, ಭಾರ ಗುಡ್ಡದ ಹಾಗೆ ಏರುವಾಗ. ಗುರಿ ಹಿಡಿದದ್ದನ್ನು ಕೈಬಿಟ್ಟು ಮೆಲ್ಲಗೆ ವಾಪಸ್ ಬಿಡುವಾಗಲೂ ಅದೇ ಪೂರ್ತಿ ಭಾರ ತಟ್ಟನೆ ಮರಳಿ ಬರುತ್ತದೆ. ಭಾರ ತಾಳದವರ ಬಿಲ್ಲು ಆ ಕ್ಷಣದಲ್ಲಿ ಮುಂದಕ್ಕೆ ಜಗ್ಗಿ, ಬೆರಳು ರಿಲೀಸಿನ (ದಾರ ಹಿಡಿದು ಬಿಡುವ ಸಾಧನದ) ಟ್ರಿಗರ್‌ಗೆ ತಾಗುವುದುಂಟು. ಎಳೆಯುವಾಗಲೂ ಬಿಡುವಾಗಲೂ ಬೆರಳು ಟ್ರಿಗರ್‌ನ ಹಿಂದೆಯೇ ಇರಬೇಕು.

ಜನವರಿ: ಈಗಿನ ತೂಕ ಅಳೆದದ್ದು

ಲಿಂಬಿನ ಮೇಲಿನ ಚೀಟಿ ನಂಬಿ ತಿರುಪು ಮುಟ್ಟಬಾರದು. ಬಿಲ್ಲಿನ ತೂಕಮಾಪಕ ಇಲ್ಲದಿದ್ದರೆ ಲಗೇಜ್ ತೂಗುವ 50 ಕೆ.ಜಿ.ಯ ಡಿಜಿಟಲ್ ಕೊಕ್ಕೆ ತಕ್ಕಡಿ ಸಾಕು. ತಕ್ಕಡಿಯನ್ನು ಗಟ್ಟಿ ತೊಲೆಗೆ ಕಟ್ಟಿ, ಕೊಕ್ಕೆಯನ್ನು ಡಿ-ಲೂಪ್‌ಗೆ (ದಾರದ ನಡುವಿನ ಕುಣಿಕೆಗೆ) ಹಾಕಿ, ಬಿಲ್ಲಿನ ಹಿಡಿ ಹಿಡಿದು ಕೆಳಕ್ಕೆ ಎಳೆಯಬೇಕು. ಈ ತಕ್ಕಡಿಗಳಲ್ಲಿ ಒಂದು ತೊಡಕಿದೆ. ಅಂಕಿ ಅಲುಗದೆ ನಿಂತ ಕಡೆ ಲಾಕ್ ಆಗುತ್ತವೆ, ಏರಿದ ಗರಿಷ್ಠದಲ್ಲಿ ಅಲ್ಲ. ಆದ್ದರಿಂದ ನಿಧಾನಕ್ಕೆ ಎಳೆಯುತ್ತ ತಕ್ಕಡಿಯ ಪರದೆಯನ್ನು ಮೊಬೈಲ್‌ನಲ್ಲಿ ವಿಡಿಯೊ ಮಾಡಿ, ಕಂಡ ದೊಡ್ಡ ಅಂಕಿ ಬರೆದುಕೊಂಡರಾಯಿತು. ವಾಪಸ್ ಬಿಡುವಾಗಿನ ಅಂಕಿ ಲೆಕ್ಕಕ್ಕಿಲ್ಲ. ಘರ್ಷಣೆಯಿಂದಾಗಿ ಅದು ಕಡಿಮೆಯೇ ತೋರಿಸುತ್ತದೆ. ಕೆ.ಜಿ.ಯನ್ನು 2.205ರಿಂದ ಗುಣಿಸಿದರೆ ಪೌಂಡು.

ಬಾಣವಿಲ್ಲದೆ ಎಳೆದ ಬಿಲ್ಲು ಕೈ ಜಾರಿ ಬಿಟ್ಟರೆ ಲಿಂಬ್ ಸೀಳಬಹುದು, ಕ್ಯಾಮ್ ಬಾಗಬಹುದು, ದಾರ ಹಾರಿ ಮುಖಕ್ಕೆ ಬಡಿಯಬಹುದು. ಕೊಕ್ಕೆ, ತೊಲೆ, ಡಿ-ಲೂಪಿನ ಗಂಟು ಮೂರನ್ನೂ ಪ್ರತಿ ಸಲ ನೋಡಿಯೇ ಎಳೆಯಬೇಕು.

ಲಿಂಬ್ ಹಿಡಿದಿರುವ ಎರಡೂ ಬೋಲ್ಟ್ ಸಡಿಲಿಸುತ್ತ ಅಳೆದದ್ದು (ತಿರುಗಿಸುವ ಬಗೆ ಫೆಬ್ರವರಿ ಭಾಗದಲ್ಲಿದೆ):
ಪೂರ್ತಿ ಬಿಗಿ: 23.1 ಕೆ.ಜಿ. (50.9 ಪೌಂಡು)
1 ಸುತ್ತು ಸಡಿಲ: 21.9 (48.3)
2 ಸುತ್ತು: 20.8 (45.9)
3 ಸುತ್ತು: 19.8 (43.7)
4 ಸುತ್ತು: 18.9 (41.7)

ಮೊದಲ ಸುತ್ತಿಗೆ 2.6 ಪೌಂಡು ಇಳಿದರೆ ನಾಲ್ಕನೆಯದಕ್ಕೆ 2 ಮಾತ್ರ. ‘ಒಂದು ಸುತ್ತಿಗೆ ಇಷ್ಟು ಪೌಂಡು’ ಎಂದು ಗುಣಿಸಿ ಹೇಳುವ ಲೆಕ್ಕ ಇದಕ್ಕೇ ತಪ್ಪುತ್ತದೆ. ನಿಮ್ಮ ಬಿಲ್ಲಿನ ಅಂಕಿ ಬೇರೆಯೇ ಇರುತ್ತದೆ, ಅಳೆದೇ ಬರೆಯಿರಿ.

ಫೆಬ್ರವರಿ: ತಿರುಪಿದ್ದು

ಮುಟ್ಟುವ ಮೊದಲು ನಾಲ್ಕು ಅಳತೆ ಬರೆದಿಡಬೇಕು: ಆಕ್ಸಲ್‌ನಿಂದ ಆಕ್ಸಲ್, ಹಿಡಿಯ ಗುಣಿಯಿಂದ ದಾರಕ್ಕೆ, ಮೇಲಿನ ಲಿಂಬಿನ ಬುಡದಿಂದ ದಾರಕ್ಕೆ, ಕೆಳಗಿನದರಿಂದ ದಾರಕ್ಕೆ. ಪೀಪ್ (ದಾರದಲ್ಲಿ ಕೂರಿಸಿದ ನೋಡುವ ತೂತು) ಎತ್ತ ತಿರುಗಿದೆ, ಕ್ಯಾಮ್ ಮೇಲಿನ ಗುರುತು ಕೇಬಲ್ಲಿಗೆ ಎಲ್ಲಿ ಕೂತಿದೆ ಎಂಬುದಕ್ಕೆ ಒಂದೊಂದು ಫೋಟೊ.

ಲಿಂಬ್ ಪಾಕೆಟಿನ (ಲಿಂಬಿನ ಬುಡ ಕೂರುವ ಗೂಡಿನ) ಬದಿಯಲ್ಲಿ ಲಾಕ್ ಸ್ಕ್ರೂ ಇದ್ದರೆ ಮೊದಲು ಅದು ಸಡಿಲವಾಗಬೇಕು. ಅದನ್ನು ಬಿಟ್ಟು ದೊಡ್ಡ ಬೋಲ್ಟ್ ತಿರುಗಿಸಿದರೆ ಪಾಕೆಟ್ ಗೀರುತ್ತದೆ. ಅಲನ್ ಕೀ ಗುಣಿಯ ತಳ ಮುಟ್ಟಿ ಅಲುಗದೆ ಕೂರಬೇಕು. ಇಂಚಿನ ಬೋಲ್ಟಿಗೆ ಮಿ.ಮೀ. ಕೀ ಹಾಕಿದರೆ ಮೂಲೆ ಸವೆಯುತ್ತದೆ. ಆಮೇಲೆ ಆ ಬೋಲ್ಟ್ ಬಿಚ್ಚುವುದೇ ಒಂದು ಕೆಲಸ.

ಎರಡೂ ಬೋಲ್ಟ್ ತಳ ಕಾಣುವವರೆಗೆ ಮೆಲ್ಲಗೆ ಬಿಗಿದು, ಅಲ್ಲಿಂದ ಲೆಕ್ಕ ಶುರು. ಬೋಲ್ಟಿನ ತಲೆಗೆ ಬಿಳಿ ಮಾರ್ಕರಿನಿಂದ ಚುಕ್ಕೆ ಇಟ್ಟು ಮೇಲೆ ಅರ್ಧ ಸುತ್ತು, ಕೆಳಗೆ ಅರ್ಧ ಸುತ್ತು, ಹೀಗೆ ಸರತಿಯಂತೆ ಬಿಚ್ಚಬೇಕು. ಒಂದೇ ಕಡೆ ಮೂರು ಸುತ್ತು ಬಿಚ್ಚಿ ಮತ್ತೊಂದಕ್ಕೆ ಹೋಗಬಾರದು. ಕೈಪಿಡಿಯಲ್ಲಿ ಹೇಳಿದ ಗರಿಷ್ಠ ಸುತ್ತು ದಾಟಲೇಬಾರದು: ತಿರುಪಿನ ಎಳೆ (ಥ್ರೆಡ್) ಸಾಲದೆ ಬೋಲ್ಟ್ ಕಿತ್ತು ಬಂದರೆ ಬಿಲ್ಲು ಮುಖದೆದುರೇ ಬಿಚ್ಚಿಕೊಳ್ಳುತ್ತದೆ. ಈ ಮಾದರಿಗೆ ಮಿತಿ ಬೇರೆ, ಪಕ್ಕದವರ ಮಾದರಿಗೆ ಬೇರೆ.

ಮೂರು ಸುತ್ತಿನ ನಂತರ ಲಿಂಬಿನ ಬುಡದಿಂದ ದಾರಕ್ಕೆ ಮೇಲೆ 197, ಕೆಳಗೆ 195 ಮಿ.ಮೀ. ಬಂತು. ಎರಡು ಮಿ.ಮೀ. ವ್ಯತ್ಯಾಸವೆಂದರೆ ಚುಕ್ಕೆ ಒಂದೇ ದಿಕ್ಕಿಗಿದ್ದರೂ ಎರಡೂ ಬೋಲ್ಟ್ ಒಂದೇ ಕಡೆಯಿಂದ ಶುರುವಾಗಿಲ್ಲ ಎಂದು. ಮತ್ತೆ ತಳಕ್ಕೆ ಬಿಗಿದು ನೋಡಿದಾಗ ಮೇಲಿನ ಪಾಕೆಟಿನೊಳಗೆ ಮಣ್ಣು ಕೂತಿರುವುದು ಕಂಡಿತು. ಎರೆಭೂಮಿಯ ನುಣ್ಣನೆಯ ಮಣ್ಣು ಗ್ರೀಸಿಗೆ ಹತ್ತಿದರೆ ಗಟ್ಟಿ ಪದರವಾಗಿ ಬೋಲ್ಟನ್ನು ತಳ ಮುಟ್ಟಗೊಡುವುದಿಲ್ಲ. ಎಳೆಯುವಾಗಿನ ಕಿರ್ ಸದ್ದೂ ಅದರದೇ. ಹಳೆ ಹಲ್ಲುಜ್ಜುವ ಬ್ರಷ್ಷಿನಿಂದ ಹೊರಬಾಯಿ ಕೆರೆದು, ಎಳೆಗೆ ತೆಳ್ಳಗೆ ಗ್ರೀಸ್ ಹಚ್ಚಿ ಮೊದಲಿಂದ ಎಣಿಸಿದ ಮೇಲೆ ಎರಡೂ ಕಡೆ 196. ತೂಕ 19.8 ಕೆ.ಜಿ. ಆಕ್ಸಲ್ ಅಂತರ ಸುಮಾರು 2 ಮಿ.ಮೀ. ಹಿಗ್ಗಿತು.

ಏಪ್ರಿಲ್: ತೂಕ ಇಳಿದಾಗ ಏನೇನು ಜರುಗಿತು

ಪೀಪ್ ಕಾಲು ಸುತ್ತು ಓರೆಯಾಯಿತು. ಸೈಟಿನ (ಗುರಿ ನೋಡುವ ಸಾಧನದ) ಪಿನ್ ಕೆಳಗಿಳಿಸಬೇಕಾಯಿತು, ಬಾಣದ ವೇಗ ಕಡಿಮೆಯಾಯಿತಲ್ಲ. ಇವೆರಡು ಎಲ್ಲರಿಗೂ ಕಾಣುವಂಥವು.

ಕಾಣದ್ದು ಸ್ಪೈನ್. 500 ಎಂದರೆ 28 ಇಂಚಿನ ಅಂತರದ ಆಧಾರದ ಮೇಲೆ ಬಾಣವಿಟ್ಟು ನಡುವೆ 880 ಗ್ರಾಂ ತೂಗು ಹಾಕಿದಾಗ ಅದು ಅರ್ಧ ಇಂಚು ಬಾಗುತ್ತದೆ ಎಂದು. ತೂಕ ಇಳಿಸಿದರೆ ಅದೇ ಬಾಣ ಬಿಲ್ಲಿಗೆ ಗಡುಸು ಎನಿಸುತ್ತದೆ, ಏರಿಸಿದರೆ ಮೆದು. ಗಡುಸಾದರೆ ಗುಂಪು ಹರಡುತ್ತದೆ ಅಷ್ಟೆ. ತೀರಾ ಮೆದು ಬಾಣ ಮುರಿದು ಕೈಗೆ ಚುಚ್ಚಬಹುದು. ಹಾಗಾಗಿ ತೂಕ ಏರಿಸುವವರು ತಯಾರಕರ ಪಟ್ಟಿ ನೋಡದೆ ಹಳೆ ಬಾಣ ಬಿಡಬಾರದು.

ಬಾಣದ ತೂಕವೂ ಬೇಕು. ಸರಾಫರ ತಕ್ಕಡಿಯಲ್ಲಿ ನಿಖರವಾಗಿ ಸಿಗುತ್ತದೆ: 22.7 ಗ್ರಾಂ, ಗ್ರಾಮಿಗೆ 15.43ರಂತೆ 350 ಗ್ರೇನ್. ಪೌಂಡಿಗೆ ಕನಿಷ್ಠ 5 ಗ್ರೇನ್ ಎಂಬುದು ಸಾಮಾನ್ಯವಾಗಿ ಪಾಲಿಸುವ ಮಿತಿ. ಅದಕ್ಕಿಂತ ಹಗುರ ಬಾಣ ಬಿಟ್ಟರೆ ಬಿಲ್ಲಿಗೆ ಬಾಣವಿಲ್ಲದೆ ಬಿಟ್ಟದ್ದಕ್ಕೆ ಹತ್ತಿರದ ಪೆಟ್ಟು. 43.7 ಪೌಂಡಿಗೆ ಇಲ್ಲಿ 8 ಬರುತ್ತದೆ, ಚಿಂತೆಯಿಲ್ಲ.

ಎರಡು ಮೀಟರ್ ದೂರದಲ್ಲಿ ಚೌಕಟ್ಟಿಗೆ ದಿನಪತ್ರಿಕೆ ಬಿಗಿದು, ಹಿಂದೆ ಗುರಿಯ ದಿಮ್ಮಿ ಇಟ್ಟು ಬಾಣ ಬಿಟ್ಟಾಗ ಹರಿದ ಗುರುತಿನಲ್ಲಿ ಗರಿಯ ತುದಿ ಮೊನೆಗಿಂತ ಮೇಲಿತ್ತು. ನಾಕ್ ಬಿಂದು (ದಾರದಲ್ಲಿ ಬಾಣ ಸಿಕ್ಕಿಸುವ ಜಾಗ) ಎತ್ತರವಾಗಿದೆ ಎಂಬ ಸೂಚನೆ. ರೆಸ್ಟನ್ನು (ಬಾಣ ಕೂರುವ ಆಸರೆಯನ್ನು) 1 ಮಿ.ಮೀ. ಏರಿಸಿದಾಗ ತೂತು ದುಂಡಗಾಯಿತು. ಬೋಲ್ಟುಗಳು ಸಮ ಆಗುವ ಮೊದಲು ಈ ಪರೀಕ್ಷೆ ಮಾಡಿದ್ದರೆ ದೋಷ ಒಂದು ಕಡೆ, ಮದ್ದು ಇನ್ನೊಂದು ಕಡೆ ಆಗುತ್ತಿತ್ತು.

ಕ್ಯಾಮ್ ಎರಡರ ಸ್ಟಾಪ್‌ಗಳೂ (ಎಳೆತವನ್ನು ಕೊನೆಯಲ್ಲಿ ತಡೆಯುವ ಗೂಟಗಳು) ಒಟ್ಟಿಗೇ ಕೇಬಲ್ ಮುಟ್ಟುತ್ತವೆಯೇ ಎಂದು ಒಬ್ಬರು ಎಳೆದು ಇನ್ನೊಬ್ಬರು ಬದಿಯಿಂದ ನೋಡಿದ್ದಾಯಿತು; ಸರಿಯಿವೆ. ವ್ಯತ್ಯಾಸವಿದ್ದರೆ ಕೇಬಲ್ ಹೊಸೆಯಬೇಕಾಗುತ್ತದೆ, ಅದು ಬೋ ಪ್ರೆಸ್ (ಲಿಂಬ್ ಒತ್ತಿ ದಾರ ಸಡಿಲಿಸುವ ಯಂತ್ರ) ಇರುವ ಅಂಗಡಿಯ ಕೆಲಸ.

ಬಿಸಿಲಿನ ಮಾತು. ಏಪ್ರಿಲ್, ಮೇ ತಿಂಗಳಲ್ಲಿ ನಮ್ಮಲ್ಲಿ 40 ಡಿಗ್ರಿ ದಾಟುವುದು ಹೊಸದಲ್ಲ. ಮುಚ್ಚಿದ ಕಾರಿನೊಳಗೆ ಬಿಲ್ಲು ಬಿಟ್ಟರೆ ದಾರ ಹಿಗ್ಗಿ ಪೀಪ್ ತಿರುಗುತ್ತದೆ, ಕ್ಯಾಮಿನ ಹೊಂದಿಕೆ ಕೆಡುತ್ತದೆ, ಅಳೆದ ತೂಕವೂ ಸರಿಯುತ್ತದೆ. ಆಗ ಬೋಲ್ಟ್ ತಿರುಗಿಸಿ ಸರಿಪಡಿಸಲು ಹೋಗುವುದು ತಪ್ಪು ದಾರಿ. ಬೋಲ್ಟ್ ಅಲುಗಿಲ್ಲ, ದಾರ ಅಲುಗಿದೆ.

ಜೂನ್: ಈಗಿನ ಸ್ಥಿತಿ

ಮೂರು ಸುತ್ತು ಸಡಿಲ, 43.7 ಪೌಂಡು, ಹಿಡಿತದ ಭಾರ ಸುಮಾರು 4 ಕೆ.ಜಿ. ಕುರ್ಚಿ ಪರೀಕ್ಷೆ ಅಭ್ಯಾಸದ ಕೊನೆಯಲ್ಲೂ ಪಾಸ್. ಬಯಲುಸೀಮೆಯ ಮುಂಗಾರು ಗಾಳಿ ಶುರುವಾಗಿರುವುದರಿಂದ ತೂಕ ಏರಿಸಿ ಎನ್ನುವವರಿದ್ದಾರೆ. ವೇಗದ ಬಾಣ ಗಾಳಿಗೆ ಕಡಿಮೆ ಸರಿಯುತ್ತದೆ, ನಿಜ. ಆದರೆ ಗಾಳಿ ಬೀಸುವಾಗ ತಡೆದು ನಿಲ್ಲಬೇಕು, ಬೇಡವೆನಿಸಿದರೆ ವಾಪಸ್ ಬಿಟ್ಟು ಮತ್ತೆ ಎಳೆಯಬೇಕು. ಆ ಹೆಚ್ಚಿನ ಎಳೆತಗಳಿಗೆ ಕಸುವು ಉಳಿದಿರಬೇಕು. ಸದ್ಯಕ್ಕೆ ಬೋಲ್ಟ್ ಮುಟ್ಟುವುದಿಲ್ಲ.

50 ಮೀಟರಿಗೆ ಪಿನ್ ಇಳಿಸಲು ಸೈಟಿನಲ್ಲಿ ಜಾಗ ಸಾಲದಿದ್ದರೆ, ಕುರ್ಚಿ ಪರೀಕ್ಷೆ ಆಗಲೂ ಪಾಸಾದರೆ, ಮುಂದಿನ ಏರಿಕೆ ಎರಡೂ ಕಡೆ ಒಂದೊಂದು ಸುತ್ತು, 45.9ಕ್ಕೆ. ಅಂದು ಮತ್ತೆ ನಾಲ್ಕು ಅಳತೆ, ತೂಕ, ಪೀಪ್, ಕಾಗದ, ಇದೇ ಸಾಲಿನಲ್ಲಿ.