ಓವರ್‌ಕ್ಲಾಕ್ ಮಾಡಿದ ಮಷೀನ್ ಯಾವಾಗ ಕೈಕೊಡುತ್ತೆ?

ಓವರ್‌ಕ್ಲಾಕ್ ಮಾಡಿದ, ಅಂದರೆ ಕಂಪನಿ ಗೊತ್ತುಮಾಡಿದ್ದಕ್ಕಿಂತ ಹೆಚ್ಚು ವೇಗಕ್ಕೆ ಏರಿಸಿದ ಕಂಪ್ಯೂಟರ್ ರಿಪೇರಿಗೆ ಬಂದರೆ ನಾನು ಮೊದಲು ಕೇಳುವ ಪ್ರಶ್ನೆ ಒಂದೇ: ಯಾವಾಗ ಆಫ್ ಆಗುತ್ತೆ? ಗೇಮ್ ಆಡುವಾಗಲೋ, ರೆಂಡರ್ (ಎಡಿಟ್ ಮಾಡಿದ ವಿಡಿಯೊವನ್ನು ಅಂತಿಮ ಫೈಲ್ ಮಾಡುವ ಕೆಲಸ) ಹಾಕಿದಾಗಲೋ, ಆನ್ ಮಾಡಿದ ತಕ್ಷಣವೋ, ಇಲ್ಲಾ ಸುಮ್ನೆ ಇಟ್ಟಾಗಲೋ? ಬಿಸಿ ಎಷ್ಟು, ಎಸ್‌ಎಂಪಿಎಸ್ (ಕಂಪ್ಯೂಟರ್ ಒಳಗೆ ಕರೆಂಟ್ ಕೊಡುವ ಡಬ್ಬಿ) ಎಷ್ಟು ವ್ಯಾಟ್, ಕೂಲರ್ ಯಾವುದು ಅನ್ನೋದೆಲ್ಲ ಆಮೇಲೆ. ಈ ಒಂದು ಪ್ರಶ್ನೆಗೆ ಸರಿಯಾದ ಉತ್ತರ ಸಿಕ್ಕರೆ ಅರ್ಧ ಕೆಲಸ ಮುಗಿದಂತೆ.

ಬೆಂಗಳೂರಿನ ಎಸ್.ಪಿ. ರೋಡ್‌ನಲ್ಲಿ ಡೆಸ್ಕ್‌ಟಾಪ್ ಜೋಡಿಸುವುದು, ರಿಪೇರಿ ಮಾಡುವುದು ನನ್ನ ಕೆಲಸ. ಮನೆಯಲ್ಲೇ ಬಯೋಸ್‌ಗೆ (ವಿಂಡೋಸ್ ಶುರುವಾಗುವ ಮೊದಲು ತೆರೆಯುವ ಸೆಟ್ಟಿಂಗ್ ಪುಟಗಳಿಗೆ) ಹೋಗಿ ಸ್ಪೀಡ್ ಏರಿಸಿಕೊಂಡು, ಆಮೇಲೆ ತಲೆಬಿಸಿ ಮಾಡಿಕೊಂಡು ಬರುವ ಹುಡುಗರು ಈಗ ಜಾಸ್ತಿ. ಅವರನ್ನು ಬೈಯುವುದು ನನಗೆ ಇಷ್ಟ ಇಲ್ಲ. ಕೊಟ್ಟ ದುಡ್ಡಿಗೆ ಇನ್ನಷ್ಟು ಕೆಲಸ ತೆಗೆಯಬೇಕು ಅನ್ನುವುದು ತಪ್ಪಲ್ಲ. ಆದರೆ ತೊಂದರೆ ಬಂದಾಗ ಜಾಡು ಹಿಡಿಯುವುದು ಹೇಗೆ ಅಂತ ಅವರಿಗೆ ಯಾರೂ ಹೇಳಿಕೊಟ್ಟಿರುವುದಿಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ವಿಜಯನಗರದಿಂದ ಒಬ್ಬ ಹುಡುಗ ಬಂದಿದ್ದ. ಮದುವೆ ವಿಡಿಯೊ ಎಡಿಟ್ ಮಾಡುವವನು, ಮನೆಯಲ್ಲೇ ಕೆಲಸ. ಎಎಂಡಿ ಕಂಪನಿಯ ರೈಸನ್ 5 5600ಎಕ್ಸ್ ಪ್ರೊಸೆಸರ್, ಬಿ550 ಮದರ್‌ಬೋರ್ಡ್. "ಅಣ್ಣಾ, ಎಡಿಟಿಂಗ್ ಮಾಡೋವಾಗ ಏನೂ ಆಗಲ್ಲ. ರಾತ್ರಿಯೆಲ್ಲಾ ರೆಂಡರ್ ಹಾಕಿದ್ರೂ ಪರ್ವಾಗಿಲ್ಲ. ಕಾಫಿ ಕುಡಿದು ಬರೋಷ್ಟರಲ್ಲಿ ರೀಸ್ಟಾರ್ಟ್ ಆಗಿರುತ್ತೆ" ಅಂದ. ಯಾರೋ ಹೇಳಿದರು ಅಂತ ಎಸ್‌ಎಂಪಿಎಸ್ ಬದಲಾಯಿಸಿದ್ದ. ಮನೆಯಲ್ಲಿ ಅಮ್ಮ ಕರೆಂಟ್ ಸರಿ ಇಲ್ಲ ಅಂದಿದ್ದಕ್ಕೆ ಯುಪಿಎಸ್ಸೂ ತಂದಿದ್ದ. ಎರಡಕ್ಕೂ ದುಡ್ಡು ಹೋಯಿತು, ತೊಂದರೆ ಮಾತ್ರ ಹಾಗೇ ಉಳಿಯಿತು.

ಅವನು ಹೇಳಿದ ಮಾತಿನಲ್ಲೇ ಉತ್ತರ ಇತ್ತು. ಎಸ್‌ಎಂಪಿಎಸ್‌ಗೆ ಶಕ್ತಿ ಸಾಲದೆ ಹೋದರೆ ಸಾಮಾನ್ಯವಾಗಿ ಲೋಡ್ (ಭಾರಿ ಕೆಲಸ) ಬಿದ್ದಾಗ ಆಫ್ ಆಗಬೇಕು. ಬಿಸಿಯ ತೊಂದರೆಯೂ ಲೋಡ್‌ನಲ್ಲೇ ಕಾಣಬೇಕು. ಇಲ್ಲಿ ಎರಡೂ ಇಲ್ಲ. ಕೆಲಸ ಇಲ್ಲದೆ ಕೂತಾಗ ಬೀಳುತ್ತಿದೆ.

ಇಂಥ ಹೊತ್ತಲ್ಲಿ ಊಹೆ ಮಾಡುತ್ತಾ ಕೂರಬಾರದು, ವಿಂಡೋಸ್ ಏನು ಬರೆದಿಟ್ಟಿದೆ ನೋಡಬೇಕು. ಈವೆಂಟ್ ವ್ಯೂವರ್ ತೆಗೆದು, ವಿಂಡೋಸ್ ಲಾಗ್ಸ್ ಒಳಗೆ ಸಿಸ್ಟಮ್‌ಗೆ ಹೋದೆ. ಪ್ರತಿ ರೀಸ್ಟಾರ್ಟ್‌ಗೂ ಕರ್ನಲ್-ಪವರ್ 41 ಅಂತ ಒಂದು ಸಾಲು ಇತ್ತು. ತುಂಬಾ ಜನ ಇದನ್ನು ನೋಡಿ, 'ಪವರ್' ಅಂತ ಇದೆಯಲ್ಲಾ, ಎಸ್‌ಎಂಪಿಎಸ್ ಹೋಗಿದೆ ಅಂದುಬಿಡುತ್ತಾರೆ. ಅದರ ಅರ್ಥ ಅಷ್ಟಲ್ಲ. ಮಷೀನ್ ಸರಿಯಾಗಿ ಶಟ್‌ಡೌನ್ ಆಗದೆ ನಿಂತಿತು ಅಂತ ಮಾತ್ರ ಅದು ಹೇಳುತ್ತದೆ. ಕರೆಂಟ್ ಹೋದರೂ 41 ಬರುತ್ತದೆ, ರೀಸೆಟ್ ಬಟನ್ ಒತ್ತಿದರೂ 41 ಬರುತ್ತದೆ.

ಅದರ ಹತ್ತಿರವೇ ಇನ್ನೊಂದು ಸಾಲು ಇತ್ತು: ಡಬ್ಲ್ಯುಎಚ್‌ಇಎ-ಲಾಗರ್ (ಹಾರ್ಡ್‌ವೇರ್ ತಪ್ಪುಗಳನ್ನು ಬರೆದಿಡುವ ವಿಂಡೋಸ್ ಭಾಗ), ಈವೆಂಟ್ 18. ಒಳಗೆ ತೆಗೆದರೆ ಕ್ಯಾಶ್ ಹೈರಾರ್ಕಿ ಎರರ್ (ಪ್ರೊಸೆಸರ್ ಒಳಗಿನ ಪುಟ್ಟ ಮೆಮೊರಿಯ ತಪ್ಪು), ಪ್ರೊಸೆಸರ್ ಎಪಿಐಸಿ ಐಡಿ (ಪ್ರತಿ ಥ್ರೆಡ್‌ನ ಗುರುತಿನ ಸಂಖ್ಯೆ) 6. ಹಿಂದಿನ ದಿನದ್ದು ನೋಡಿದರೆ ಐಡಿ 7. ಅದರ ಹಿಂದಿನದ್ದು ಮತ್ತೆ 6. ಸುಮ್ನೆ ಕರೆಂಟ್ ಹೋಗಿ ಬಂದರೆ ಈ ಸಾಲು ಬರುವುದಿಲ್ಲ. ಪ್ರೊಸೆಸರ್ ತಾನೇ ತಪ್ಪು ಮಾಡಿ, ಅದನ್ನು ತಾನೇ ಹಿಡಿದು, ಮುಂದೆ ಹೋಗಲಾರೆ ಅಂತ ನಿಂತಾಗ ಬರುವ ಸಾಲು ಇದು. ಈ ಪ್ರೊಸೆಸರ್‌ನಲ್ಲಿ ಆರು ಕೋರ್ (ಬೇರೆ ಬೇರೆಯಾಗಿ ಕೆಲಸ ಮಾಡುವ ಘಟಕ), ಪ್ರತಿ ಕೋರ್‌ಗೂ 2 ಥ್ರೆಡ್ (ಆ ಕೋರ್ ಒಟ್ಟಿಗೆ ನಡೆಸುವ ಕೆಲಸದ ಸರಣಿ). ಹಾಗಾಗಿ ಐಡಿ 0 ಮತ್ತು 1 ಅಂದರೆ ಮೊದಲ ಕೋರ್, 2 ಮತ್ತು 3 ಅಂದರೆ ಎರಡನೆಯದು. 6 ಮತ್ತು 7 ಎರಡೂ ಒಂದೇ ಕೋರ್‌ನ, ಅಂದರೆ ನಾಲ್ಕನೆಯದರ ಥ್ರೆಡ್‌ಗಳು. ಬಯೋಸ್ 0ಯಿಂದ ಎಣಿಸುವುದರಿಂದ ಅಲ್ಲಿ ಅದು ಕೋರ್ 3. ಆರು ಕೋರ್‌ಗಳಲ್ಲಿ ಕೈಕೊಡುತ್ತಿದ್ದುದು ಇದೊಂದೇ!

ಈಗ ಬಯೋಸ್‌ಗೆ ಹೋದೆ. ಪಿಬಿಒ (ಮಾಮೂಲಿ ಮಿತಿ ದಾಟಿ ವೇಗ ಏರಿಸಿಕೊಳ್ಳಲು ಪ್ರೊಸೆಸರ್‌ಗೆ ಬಿಡುವ ಸೆಟ್ಟಿಂಗ್) ಆನ್ ಇದೆ. ಬೂಸ್ಟ್ ಕ್ಲಾಕ್ (ಪ್ರೊಸೆಸರ್ ಏರಬಹುದಾದ ಗರಿಷ್ಠ ವೇಗ) 200 ಮೆಗಾಹರ್ಟ್ಸ್ ಹೆಚ್ಚಿಗೆ ಇಟ್ಟಿದೆ. ಕರ್ವ್ ಆಪ್ಟಿಮೈಸರ್ ಎಲ್ಲ ಕೋರ್‌ಗೂ ಮೈನಸ್ 30. ರ‍್ಯಾಮ್ ಎಕ್ಸ್‌ಎಂಪಿಯಲ್ಲಿ (ಬಾಕ್ಸ್ ಮೇಲೆ ಬರೆದ ಸ್ಪೀಡ್‌ನಲ್ಲಿ ಓಡಿಸುವ ಸೆಟ್ಟಿಂಗ್) 3600. "ಇದೆಲ್ಲ ಎಲ್ಲಿಂದ?" ಅಂದೆ. ಒಂದು ವಿಡಿಯೊ ನೋಡಿ ಹಾಕಿಕೊಂಡಿದ್ದ. ಆ ವಿಡಿಯೊ ಮಾಡಿದವರ ಚಿಪ್‌ಗೆ ಅದು ಸರಿಯಾಗೇ ಇರಬಹುದು. ಆದರೆ ಒಂದೇ ಮಾಡೆಲ್‌ನ ಎರಡು ಪ್ರೊಸೆಸರ್ ಒಂದೇ ಥರ ಇರುವುದಿಲ್ಲ. ಒಂದೇ ಪ್ರೊಸೆಸರ್‌ನ ಎರಡು ಕೋರ್ ಕೂಡ ಒಂದೇ ಥರ ಇರುವುದಿಲ್ಲ.

ಕರ್ವ್ ಆಪ್ಟಿಮೈಸರ್ ಮಾಡುವ ಕೆಲಸ ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕಂದರೆ ಗೊಂದಲ ಇರುವುದೇ ಇಲ್ಲಿ. ಪ್ರತಿ ವೇಗಕ್ಕೂ ಇಷ್ಟು ವೋಲ್ಟೇಜ್ ಬೇಕು ಅಂತ ಪ್ರೊಸೆಸರ್ ಒಳಗೇ ಒಂದು ಲೆಕ್ಕ ಇರುತ್ತದೆ. ಮೈನಸ್ ಸಂಖ್ಯೆ ಹಾಕಿದರೆ ಆ ಲೆಕ್ಕದಿಂದ ಅಷ್ಟು ಕಡಿತ. ಒಂದು ಅಂಕಿಗೆ ಸುಮಾರು 3ರಿಂದ 5 ಮಿಲಿವೋಲ್ಟ್. ಅಂದರೆ ಮೈನಸ್ 30ಕ್ಕೆ 90ರಿಂದ 150 ಮಿಲಿವೋಲ್ಟ್ ಕಡಿಮೆ. ಬಿಸಿ ಇಳಿಯುತ್ತದೆ, ಉಳಿದ ಜಾಗದಲ್ಲಿ ವೇಗ ಏರುತ್ತದೆ. ಒಳ್ಳೆಯದೇ. ಆದರೆ ಆರೂ ಕೋರ್ ರೆಂಡರ್ ಮಾಡುತ್ತಿರುವಾಗ ಯಾವುದೂ ತನ್ನ ಗರಿಷ್ಠ ವೇಗಕ್ಕೆ ಹೋಗುವುದಿಲ್ಲ. ಅದಕ್ಕಿಂತ ಕೆಳಗೇ ಓಡುತ್ತವೆ, ಅಲ್ಲಿಗೆ ಆ ಕಡಿಮೆ ವೋಲ್ಟೇಜ್ ಸಾಕು. ಮಷೀನ್ ಸುಮ್ನೆ ಇದ್ದಾಗ ಹಿನ್ನೆಲೆಯಲ್ಲಿ ಯಾವುದೋ ಅಪ್‌ಡೇಟ್, ಯಾವುದೋ ಸ್ಕ್ಯಾನ್ ಏಳುತ್ತದೆ. ಆಗ ಒಂದೇ ಕೋರ್ ಒಮ್ಮೆಗೇ ಮೇಲಕ್ಕೆ ಜಿಗಿಯುತ್ತದೆ. 5600ಎಕ್ಸ್‌ಗೆ ಕಂಪನಿ ಹೇಳುವ ಬೂಸ್ಟ್ 4.6 ಗಿಗಾಹರ್ಟ್ಸ್, ಮೇಲೆ 200 ಮೆಗಾಹರ್ಟ್ಸ್ ಬೇರೆ ಸೇರಿಸಿದ್ದಾನೆ. ಆ ಎತ್ತರದಲ್ಲಿ ವೋಲ್ಟೇಜ್ ಸಾಲದು. ಅಲ್ಲೇ ಬಿತ್ತು.

ಇನ್ನೊಂದು ವಿಷಯ. ಹೀಗೆ ಮೊದಲು ಬೀಳುವುದು ಹೆಚ್ಚಾಗಿ ಒಳ್ಳೆಯ ಕೋರ್‌ಗಳೇ. ಅವಕ್ಕೆ ಕಾರ್ಖಾನೆಯಲ್ಲೇ ಕಡಿಮೆ ವೋಲ್ಟೇಜ್ ಗೊತ್ತುಮಾಡಿರುತ್ತಾರೆ, ಇನ್ನೂ ಕಡಿತ ಮಾಡಲು ಜಾಗ ಇರುವುದಿಲ್ಲ. ವಿಂಡೋಸ್ ಕೂಡ ಹಗುರ ಕೆಲಸವನ್ನು ಅವಕ್ಕೇ ಕೊಡುತ್ತದೆ. ಎಎಂಡಿಯ ರೈಸನ್ ಮಾಸ್ಟರ್ ಸಾಫ್ಟ್‌ವೇರ್ ತೆಗೆದು ನೋಡಿದರೆ ಅತಿ ವೇಗದ ಕೋರ್‌ಗೆ ನಕ್ಷತ್ರದ ಗುರುತು ಇರುತ್ತದೆ. ಇವನ ಮಷೀನ್‌ನಲ್ಲಿ ನಕ್ಷತ್ರ ಇದ್ದದ್ದು ನಾವು ಹುಡುಕುತ್ತಿದ್ದ ಕೋರ್ ಮೇಲೇ.

"ಆದ್ರೆ ಅಣ್ಣಾ, ಪ್ರೈಮ್95 ಓಡಿಸಿದೆ, ಸಿನಿಬೆಂಚ್ ಓಡಿಸಿದೆ, ಎಲ್ಲಾ ಪಾಸ್ ಆಯ್ತಲ್ಲಾ" ಅಂದ. ಪಾಸ್ ಆಗಲೇಬೇಕು. ಅವನು ಓಡಿಸಿದ್ದು ಎಲ್ಲ ಕೋರ್‌ಗೂ ಒಟ್ಟಿಗೆ ಲೋಡ್ ಹಾಕುವ ಟೆಸ್ಟ್. ಕೂಲರ್ ತಡೆಯುತ್ತಾ, ಎಸ್‌ಎಂಪಿಎಸ್ ತಡೆಯುತ್ತಾ ಅಂತ ನೋಡಲು ಅದು ಬೇಕು. ಒಂಟಿ ಕೋರ್ ಮೇಲೇರಿದಾಗಿನ ತೊಂದರೆ ಅದಕ್ಕೆ ಸಿಗುವುದಿಲ್ಲ. ಆ ತೊಂದರೆ ಹಿಡಿಯಲು ಕೋರ್‌ಸೈಕ್ಲರ್ ಅನ್ನುವ ಸಾಫ್ಟ್‌ವೇರ್ ಇದೆ. ಅದೇ ಪ್ರೈಮ್95 ಅನ್ನು ಒಂದೊಂದು ಕೋರ್ ಮೇಲೆ ಸರದಿಯಲ್ಲಿ ಓಡಿಸುತ್ತದೆ, ಯಾವ ಕೋರ್ ತಪ್ಪಿತು ಅಂತ ಬರೆದಿಡುತ್ತದೆ. ಓಡಿಸಿದೆವು. ಕೋರ್ 3ರ ಸರದಿ ಬಂದಾಗ ಎರರ್ ಬಂತು.

ಇಲ್ಲಿಂದ ಕೆಲಸ ನಿಧಾನದ್ದು, ಅವಸರ ಮಾಡಿದರೆ ಕೆಡುತ್ತದೆ. ಮೊದಲು ಮುಖ್ಯವಾದ ಫೈಲ್‌ಗಳನ್ನೆಲ್ಲ ಹೊರಗಿನ ಡಿಸ್ಕ್‌ಗೆ ತೆಗೆಸಿದೆ. ಅಸ್ಥಿರ ಮಷೀನ್ ಆಫ್ ಆದರೆ ಮಾತ್ರ ನಷ್ಟ ಅಂದುಕೊಳ್ಳಬೇಡಿ. ಆಫ್ ಆಗದೆ ಫೈಲ್‌ಗೆ ತಪ್ಪು ಬರೆದರೆ ಅದು ಇನ್ನೂ ಕೆಟ್ಟದ್ದು. ಒಬ್ಬರ ಮದುವೆ ವಿಡಿಯೊ ಮತ್ತೆ ಶೂಟ್ ಮಾಡಲಾಗುತ್ತದೆಯೇ? ಆಮೇಲೆ ಬಯೋಸ್‌ನ ಪ್ರತಿ ಪುಟವನ್ನೂ ಫೋನ್‌ನಲ್ಲಿ ಫೋಟೊ ತೆಗೆದುಕೊಂಡು, ಎಲ್ಲವನ್ನೂ ಡಿಫಾಲ್ಟ್‌ಗೆ ತಂದು, "ಹೀಗೇ ಮನೆಯಲ್ಲಿ ಕೆಲಸ ಮಾಡು" ಅಂತ ಕಳಿಸಿದೆ. ಡಿಫಾಲ್ಟ್‌ನಲ್ಲೂ ಬಿದ್ದರೆ ಓವರ್‌ಕ್ಲಾಕ್‌ನ ತಪ್ಪಲ್ಲ. ಆಗ ಬೇರೆ ಕಡೆ ಹುಡುಕಬೇಕು. ಬೀಳಲಿಲ್ಲ.

ಮುಂದೆ ಒಂದೊಂದೇ ಸೇರಿಸುವುದು. ಮೊದಲು ರ‍್ಯಾಮ್‌ನ ಎಕ್ಸ್‌ಎಂಪಿ ಮಾತ್ರ ಆನ್. ಎಕ್ಸ್‌ಎಂಪಿ ಅಂದರೆ ಬಾಕ್ಸ್ ಮೇಲೆ ಬರೆದ ಸ್ಪೀಡ್, ಅದರಲ್ಲೇನು ಅಂತ ಜನ ಅಂದುಕೊಳ್ಳುತ್ತಾರೆ. ಆದರೆ ಈ ಪ್ರೊಸೆಸರ್‌ಗೆ ಎಎಂಡಿ ಕೊಟ್ಟಿರುವ ಮಿತಿ ಡಿಡಿಆರ್4-3200. 3600 ಹಾಕಿದರೆ ಅದೂ ಓವರ್‌ಕ್ಲಾಕೇ. ರ‍್ಯಾಮ್ ತಪ್ಪುಗಳು ಪ್ರೊಸೆಸರ್ ತಪ್ಪಿನ ವೇಷ ಹಾಕಿಕೊಂಡು ಬರುತ್ತವೆ. ಪ್ರತಿ ಸಲ ಬೇರೆ ಬೇರೆ ಹೆಸರಿನ ಬ್ಲೂ ಸ್ಕ್ರೀನ್ ಬರುತ್ತಿದ್ದರೆ ನನ್ನ ಅನುಮಾನ ಮೊದಲು ರ‍್ಯಾಮ್ ಮೇಲೇ. ಮೆಮ್‌ಟೆಸ್ಟ್86 ಅನ್ನು ಪೆನ್‌ಡ್ರೈವ್‌ನಿಂದ ಬೂಟ್ ಮಾಡಿ ಪೂರ್ತಿ ಓಡಿಸಿ. ಒಂದೇ ಒಂದು ಎರರ್ ಬಂದರೂ ಅದು ಫೇಲ್. ಇದರಲ್ಲಿ ರಾಜಿ ಇಲ್ಲ. ಇವನ ರ‍್ಯಾಮ್ ಚೆನ್ನಾಗಿತ್ತು, 3600ರಲ್ಲೇ ಬಿಟ್ಟೆ. ಆಮೇಲೆ ಪಿಬಿಒ. ಕೊನೆಗೆ ಕರ್ವ್, ಅದೂ ಒಂದೊಂದು ಕೋರ್‌ಗೆ ಬೇರೆ ಬೇರೆ. ಕೋರ್ 3 ಮೈನಸ್ 8ರಲ್ಲಿ ನಿಂತಿತು. ಉಳಿದವು ಮೈನಸ್ 15ರಿಂದ 25ರ ಒಳಗೆ. 200 ಮೆಗಾಹರ್ಟ್ಸ್ ಹೆಚ್ಚುವರಿ ಬೂಸ್ಟ್ ತೆಗೆದುಬಿಟ್ಟೆ. ಅವನ ಕೆಲಸ ಎಲ್ಲ ಕೋರ್ ಓಡುವ ರೆಂಡರ್, ಒಂಟಿ ಕೋರ್‌ನ ಆ ಎತ್ತರದಿಂದ ಅವನಿಗೆ ಸಿಗುವುದು ಏನೂ ಇಲ್ಲ.

ಇದು ರೈಸನ್ ಕಥೆ. ಹಳೆಯ ಇಂಟೆಲ್ ಕೆ ಸರಣಿಯ (ಓವರ್‌ಕ್ಲಾಕ್ ಮಾಡಲು ಬಿಡುವ) ಪ್ರೊಸೆಸರ್‌ಗಳಲ್ಲಿ ಕಥೆ ತಿರುವುಮುರುವು. ಅಲ್ಲಿ 100 ಮೆಗಾಹರ್ಟ್ಸ್ ಬೇಸ್ ಕ್ಲಾಕ್‌ಗೆ 50ರ ಗುಣಕ ಹಾಕಿ 5 ಗಿಗಾಹರ್ಟ್ಸ್, ಒಂದೇ ಸ್ಥಿರ ವೋಲ್ಟೇಜ್ ಅಂತ ಇಡುತ್ತಾರೆ. ಲೋಡ್ ಬಿದ್ದಾಗ ಆ ವೋಲ್ಟೇಜ್ ಸ್ವಲ್ಪ ಕುಸಿಯುತ್ತದೆ, ಅಲ್ಲಿ ಬೀಳುತ್ತದೆ. ಆಗ ಜನ ವೋಲ್ಟೇಜ್ ಏರಿಸುತ್ತಲೇ ಹೋಗುತ್ತಾರೆ. ಅದರ ಬೆಲೆ ಏನು ನೋಡಿ. ಬಿಸಿ ಏರುವುದು ವೇಗದ ಜೊತೆ ನೇರವಾಗಿ, ವೋಲ್ಟೇಜ್‌ನ ಜೊತೆ ವರ್ಗದ ಲೆಕ್ಕದಲ್ಲಿ. 4.7ರಿಂದ 5 ಗಿಗಾಹರ್ಟ್ಸ್‌ಗೆ ಹೋಗಲು 1.25 ವೋಲ್ಟ್ ಅನ್ನು 1.35 ಮಾಡಿದಿರಿ ಅಂತಿಟ್ಟುಕೊಳ್ಳಿ. ವೇಗ ಹೆಚ್ಚಿದ್ದು ಶೇ. 6, ಬಿಸಿ ಹೆಚ್ಚಿದ್ದು ಸುಮಾರು ಶೇ. 24. ಲೋಡ್-ಲೈನ್ ಕ್ಯಾಲಿಬ್ರೇಷನ್ (ಲೋಡ್‌ನಲ್ಲಿ ವೋಲ್ಟೇಜ್ ಕುಸಿಯುವುದನ್ನು ತಡೆಯುವ ಸೆಟ್ಟಿಂಗ್) ಒಂದು ಹಂತ ಏರಿಸಿ ನೋಡಬಹುದು, ಆದರೆ ಅದನ್ನು ಕೊನೆಯ ಹಂತಕ್ಕೆ ಇಡಬೇಡಿ. ಲೋಡ್ ಇಳಿದ ಕ್ಷಣ ವೋಲ್ಟೇಜ್ ನೀವು ಇಟ್ಟದ್ದಕ್ಕಿಂತ ಮೇಲೆ ಹಾರುತ್ತದೆ. ನನ್ನನ್ನು ಕೇಳಿದರೆ 100 ಮೆಗಾಹರ್ಟ್ಸ್ ಇಳಿಸುವುದೇ ಮೇಲು.

ಬೆಂಗಳೂರಿನಲ್ಲಿ ಇರುವವರು ತಿಂಗಳನ್ನೂ ಲೆಕ್ಕಕ್ಕೆ ಹಿಡಿಯಬೇಕು. ಡಿಸೆಂಬರ್, ಜನವರಿಯ ಚಳಿಯಲ್ಲಿ ಟ್ಯೂನ್ ಮಾಡಿದ ಮಷೀನ್ ಏಪ್ರಿಲ್‌ನಲ್ಲಿ ಬೀಳುತ್ತದೆ. ನಮ್ಮೂರು ಯಾವಾಗಲೂ ತಂಪು ಅನ್ನುವ ಕಾಲ ಹೋಯಿತು. 2016ರ ಏಪ್ರಿಲ್‌ನಲ್ಲಿ 39.2 ಡಿಗ್ರಿ ಮುಟ್ಟಿತ್ತು. ಮೇಲಿನ ಮಹಡಿ, ಶೀಟ್ ಹಾಕಿದ ರೂಮ್ ಆದರೆ ಇನ್ನೂ ಜಾಸ್ತಿ. ರೂಮ್ 10 ಡಿಗ್ರಿ ಏರಿದರೆ ಪ್ರೊಸೆಸರ್ ಕೂಡ ಹತ್ತಿರ ಹತ್ತಿರ ಅಷ್ಟೇ ಏರುತ್ತದೆ. ಮೇಲೆ ನಮ್ಮ ರಸ್ತೆ ಧೂಳು ಬೇರೆ. ಹಾಗಾಗಿ ಟೆಸ್ಟ್ ಮಾಡುವುದಾದರೆ ಮಟಮಟ ಮಧ್ಯಾಹ್ನ, ಮನೆಯಲ್ಲಿ ಅದು ಕೂರುವ ಜಾಗದಲ್ಲೇ, ಕ್ಯಾಬಿನೆಟ್ ಬಾಗಿಲು ಹಾಕಿ ಮಾಡಿ. ಅಂಗಡಿಯಲ್ಲಿ ಫ್ಯಾನ್ ಕೆಳಗೆ ಬಾಗಿಲು ತೆಗೆದು ಮಾಡಿದ ಟೆಸ್ಟ್ ಮನೆಗೆ ಲೆಕ್ಕವಲ್ಲ.

ಓವರ್‌ಕ್ಲಾಕ್ ಮಾಡದೆಯೇ ಬೀಳುವ ಮಷೀನ್‌ಗಳೂ ಇವೆ, ಅದನ್ನೂ ಹೇಳಿಬಿಡುತ್ತೇನೆ. ಇಂಟೆಲ್ 13 ಮತ್ತು 14ನೇ ತಲೆಮಾರಿನ ಕೆಲವು ಡೆಸ್ಕ್‌ಟಾಪ್ ಪ್ರೊಸೆಸರ್‌ಗಳು ಅತಿಯಾದ ವೋಲ್ಟೇಜ್‌ನಿಂದ ಹಾಳಾಗುತ್ತಿವೆ ಅಂತ ಕಂಪನಿಯೇ 2024ರಲ್ಲಿ ಒಪ್ಪಿಕೊಂಡಿತು. ಆಗಸ್ಟ್‌ನಲ್ಲಿ 0ಎಕ್ಸ್129 ಎಂಬ ಮೈಕ್ರೋಕೋಡ್ (ಬಯೋಸ್ ಅಪ್‌ಡೇಟ್ ಮೂಲಕ ಬರುವ, ಪ್ರೊಸೆಸರ್ ಒಳಗಿನ ಸೂಚನೆಗಳ ತಿದ್ದುಪಡಿ) ಕೊಟ್ಟಿತು, ವಾರಂಟಿಯನ್ನು 2 ವರ್ಷ ವಿಸ್ತರಿಸಿತು. ಅಂಥ ಪ್ರೊಸೆಸರ್ ಇದ್ದು ಡಿಫಾಲ್ಟ್‌ನಲ್ಲೇ ಬೀಳುತ್ತಿದ್ದರೆ ಸೆಟ್ಟಿಂಗ್ ಜೊತೆ ಗುದ್ದಾಡಬೇಡಿ. ಬಯೋಸ್ ಅಪ್‌ಡೇಟ್ ಮಾಡಿ, ಆಗಲೂ ಬಿದ್ದರೆ ವಾರಂಟಿಗೆ ಕಳಿಸಿ. ಆಗಲೇ ಆದ ಹಾನಿಯನ್ನು ಅಪ್‌ಡೇಟ್ ವಾಪಸ್ ಸರಿ ಮಾಡುವುದಿಲ್ಲ.

ವಿಜಯನಗರದ ಹುಡುಗನ ಮಷೀನ್‌ನ ಕೊನೆಯ ಸೆಟ್ಟಿಂಗ್‌ಗಳನ್ನೆಲ್ಲ ಒಂದು ಸ್ಟಿಕ್ಕರ್ ಮೇಲೆ ಬರೆದು ಕ್ಯಾಬಿನೆಟ್‌ನ ಸೈಡ್ ಬಾಗಿಲ ಒಳಗೆ ಅಂಟಿಸಿದ್ದೇನೆ: ಕೋರ್‌ವಾರು ಕರ್ವ್ ಅಂಕಿ, ರ‍್ಯಾಮ್ ಸ್ಪೀಡ್, ಬಯೋಸ್ ವರ್ಷನ್. ಬಯೋಸ್ ಅಪ್‌ಡೇಟ್ ಮಾಡಿದರೆ ಈ ಸೆಟ್ಟಿಂಗ್ ಸಾಮಾನ್ಯವಾಗಿ ಅಳಿಸಿಹೋಗುತ್ತವೆ, ಸಿಮಾಸ್ ಸೆಲ್ (ಮದರ್‌ಬೋರ್ಡ್ ಮೇಲಿನ ಬಟನ್ ಬ್ಯಾಟರಿ) ಬದಲಾಯಿಸಿದರೂ ಅಷ್ಟೇ. ಹೊಸ ಬಯೋಸ್ ಹಾಕಿದ ಮೇಲೆ ಹಳೆ ಅಂಕಿಗಳನ್ನು ಹಾಗೇ ನಂಬಬೇಡ, ಕೋರ್‌ಸೈಕ್ಲರ್ ಒಂದು ರಾತ್ರಿ ಓಡಿಸಿ ನೋಡು ಅಂತ ಅವನಿಗೆ ಹೇಳಿದ್ದೇನೆ.